ತಕ್ಕಡಿಗೆ ಸಿಗದ ಪಾಂಡಿತ್ಯ

ಹಿಂದೊಮ್ಮೆ ಆಯ್ಕೆ ಸಮಿತಿಯೊಂದರಲ್ಲಿ ಕುಳಿತು ವಿದ್ವಾಂಸರೊಬ್ಬರ ಅರ್ಜಿಯನ್ನು ನಾನು ಬದಿಗಿಟ್ಟದ್ದುಂಟು. ಅವರ ಪ್ರಬಂಧಗಳನ್ನು ಓದಿ ಅಲ್ಲ. ಅವನ್ನು ಉಲ್ಲೇಖಿಸಿದವರು ಕಡಮೆಯೆಂಬ ಲೆಕ್ಕವನ್ನು ನೋಡಿ. ಆ ಲೆಕ್ಕದ ಚರಿತ್ರೆಯನ್ನು ತಿಳಿದದ್ದು ಆಮೇಲೆ.

ಉಲ್ಲೇಖಗಳಿಗೊಂದು ಸೂಚಿ ಬೇಕೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಬರೆದರು. 1960ರ ದಶಕದಲ್ಲಿ ಅದು ಅಚ್ಚಾಗಿ ಬಂದಿತು. ಲೇಖನಗಳನ್ನು ಹುಡುಕಲೆಂದು ಹುಟ್ಟಿದ ಸಾಧನ ಬರಬರುತ್ತ ಪಂಡಿತರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಿದರು: ತಲಾ 10 ಬಾರಿಯಾದರೂ ಉಲ್ಲೇಖಗೊಂಡ 10 ಪ್ರಬಂಧಗಳಿದ್ದರೆ ಸೂಚ್ಯಂಕ 10.

ಈ ತಕ್ಕಡಿಯಲ್ಲಿ ಗ್ರೆಗರ್ ಮೆಂಡೆಲರನ್ನು ಕೂರಿಸಿ ನೋಡೋಣ. ಬ್ರನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಬೆಳೆದು, ಆನುವಂಶಿಕತೆಯ ನಿಯಮಗಳನ್ನು ಅವರು 1866ರಲ್ಲಿ ಪ್ರಕಟಿಸಿದರು. ಮುಂದಿನ 34 ವರ್ಷ ಅದನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು. 1884ರಲ್ಲಿ ಮೆಂಡೆಲ್ ತೀರಿಕೊಂಡರು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಆ ಪ್ರಬಂಧವನ್ನು ಬೆಳಕಿಗೆ ತಂದರು. ತಳಿವಿಜ್ಞಾನ ಅಲ್ಲಿಂದ ಬೆಳೆಯಿತು.

ಅಂಕಿ ಸುಳ್ಳಾಡುವುದಿಲ್ಲ, ಯಾರು ಎಷ್ಟು ಸಲ ಹೆಸರಿಸಿದರೆಂಬುದನ್ನಷ್ಟೇ ಹೇಳುತ್ತದೆ. ಉಳಿದದ್ದನ್ನು ಓದಿಯೇ ತಿಳಿಯಬೇಕು. ನಾನು ಓದದೆ ಬದಿಗಿಟ್ಟ ಆ ಪ್ರಬಂಧಗಳಲ್ಲಿ ಏನಿತ್ತೆಂಬುದು ಇಂದಿಗೂ ನನಗೆ ತಿಳಿಯದು.