ಪೆಟ್ಟಿಗೆ ಬಂದ ಮೇಲೆ ಪಾಠ ಯಾವಾಗ?

ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿ.ವಿ. ನೋಡಿದ್ದರು ಎಂದರೆ ಈಗಿನ ಹುಡುಗಿಯರು ನಂಬುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ನಮ್ಮದೇ ಆದ ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟಿನಲ್ಲಿ. 'ಹಿಂದುಳಿದ ಪ್ರದೇಶ' ಎಂಬ ಹಣೆಪಟ್ಟಿಯೇ ನಮ್ಮ ಕಡೆಗೆ ಈ ಹೊಸ ಪೆಟ್ಟಿಗೆಯನ್ನು ಎಲ್ಲರಿಗಿಂತ ಮೊದಲು ತಂದಿತ್ತು.

ಅದರ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಚಿಕ್ಕದಾಗಿ 'ಸೈಟ್'. ವಿಕ್ರಂ ಸಾರಾಭಾಯಿಯವರ ಕನಸು ಅದು. ಅದಕ್ಕಾಗಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾದದ್ದು 1969ರಲ್ಲಿ. ಸಾರಾಭಾಯಿ 1971ರಲ್ಲಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ನಾಸಾದ ಎ.ಟಿ.ಎಸ್.-6 ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಪ್ರಸಾರ ನಡೆಯಿತು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಈ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಟಿ.ವಿ.ಗಳನ್ನು ಮಾಡಿಕೊಟ್ಟದ್ದು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ. ಸಂಕೇತ ಹಿಡಿಯುವ ಕೊಡೆಯನ್ನು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ, ಹತ್ತು ಅಡಿ ಅಗಲಕ್ಕೆ, ನಮ್ಮ ಎಂಜಿನಿಯರುಗಳೇ ಅಗ್ಗದಲ್ಲಿ ಮಾಡಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ಸುದ್ದಿ. ಕನ್ನಡ, ತೆಲುಗು, ಒರಿಯಾ, ಹಿಂದಿ ಎಂದು ನಾಲ್ಕು ಭಾಷೆ.

ಉಪಗ್ರಹದ ಬಗ್ಗೆ ಬರೆದವರು ಬಹಳ ಮಂದಿ. ನನ್ನ ಕುತೂಹಲ ಮಾತ್ರ ಹಳ್ಳಿಯಲ್ಲಿ ಆ ಗುಂಡಿ ತಿರುಗಿಸಿದವರ ಮೇಲೆ. ಅಲ್ಲಿಯವರೆಗೆ ಟಿ.ವಿ. ಎಂಬುದನ್ನೇ ಕಾಣದವರಿಗೆ ಅದನ್ನು ನಡೆಸುವುದನ್ನು ಯಾರು ಕಲಿಸಿದರು? ಯಾವಾಗ ಕಲಿಸಿದರು? ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಮೇಲೆ ನನಗೆ ಅನ್ನಿಸುವುದು, ಯಾವ ಯಂತ್ರ ಬಂದರೂ ಅದರ ಹಣೆಬರಹ ಈ ಎರಡು ಪ್ರಶ್ನೆಗಳಲ್ಲೇ ಇರುತ್ತದೆ.

ಪ್ರತಿ ಹಳ್ಳಿಯ ಟಿ.ವಿ.ಗೂ ಒಬ್ಬ ಪಾಲಕನಿರುತ್ತಿದ್ದ. ಹೆಚ್ಚಿನ ಕಡೆ ಪೆಟ್ಟಿಗೆ ಇದ್ದದ್ದು ಶಾಲೆಯಲ್ಲಿ, ಆದ್ದರಿಂದ ಪಾಲಕರೂ ಶಾಲೆಯ ಮಾಸ್ತರೇ. ಹೊತ್ತಿಗೆ ಸರಿಯಾಗಿ ಹಚ್ಚುವುದು, ಆರಿಸುವುದು, ಕೆಟ್ಟರೆ ತಿಳಿಸುವುದು ಅವರ ಕೆಲಸ. ರಾಯಚೂರಿನ ಕಡೆ ಇದ್ದ ನನ್ನ ಸೋದರತ್ತೆಯ ಊರಿಗೂ ಒಂದು ಪೆಟ್ಟಿಗೆ ಬಂದಿತ್ತು. ನನಗಾಗ ಹನ್ನೆರಡು ವರ್ಷ. ಅತ್ತೆ ಕೊಪ್ಪಳಕ್ಕೆ ಬಂದಾಗಲೆಲ್ಲ ಅದರ ವರ್ಣನೆ. ಜೊತೆಗೇ ಒಂದು ದೂರು: "ಕೀಲಿ ಮಾಸ್ತರ ಕಿಸೇದಾಗ, ಮಾಸ್ತರು ಅವರೂರಾಗ. ನಾವು ಚಾಪಿ ಹಿಡ್ಕೊಂಡು ಹೋಗಿ ಮುಚ್ಚಿದ ಬಾಗಿಲಾ ನೋಡ್ಕೊಂಡು ಬಂದ್ವಿ." ಒಬ್ಬರಿಗೇ ಕಲಿಸಿದರೆ ಅವರು ರಜೆ ಹಾಕಿದ ದಿನ ಯಂತ್ರವೂ ರಜೆ ಹಾಕುತ್ತದೆ. ಮುಂಚೂಣಿಯಲ್ಲಿ ಚಾಪೆ ಹಾಸುತ್ತಿದ್ದ ಹೆಂಗಸರಲ್ಲಿ ಒಬ್ಬರಿಗಾದರೂ ಆ ಗುಂಡಿ ತಿರುಗಿಸಲು ಕಲಿಸೋಣವೆಂದು ಆ ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಆದರೆ ಸೈಟ್ ಒಂದು ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡಲು ಅದೇ ಟಿ.ವಿ.ಯನ್ನು ಬಳಸಿತು. ಅದೂ ಪ್ರಸಾರ ಶುರುವಾಗಿ ಪೆಟ್ಟಿಗೆಯ ಪರಿಚಯವಾದ ಮೇಲೆ, ಶಾಲೆಗಳಿಗೆ ರಜೆ ಇದ್ದಾಗ, ಎರಡು ಸರದಿಯಲ್ಲಿ, ಒಂದೊಂದು ಸರದಿಗೆ ಹನ್ನೆರಡು ದಿನ. ಬರೀ ಟಿ.ವಿ. ಅಲ್ಲ; ರೇಡಿಯೋ, ಅಚ್ಚಾದ ಕೈಪಿಡಿ, ಪಕ್ಕದಲ್ಲಿ ನಿಂತು ಹೇಳಿಕೊಡುವ ಒಬ್ಬರು, ಕೈಯಿಂದ ಮಾಡಿ ನೋಡುವ ಪ್ರಯೋಗಗಳು ಎಲ್ಲವೂ ಸೇರಿದ್ದವು. ಒಟ್ಟು ಸುಮಾರು 48,000 ಶಿಕ್ಷಕರು ಹೀಗೆ ಕಲಿತರು. ಯಂತ್ರವನ್ನು ಒಂದಷ್ಟು ದಿನ ಬಳಸಿ ನೋಡಿದವರ ತಲೆಯಲ್ಲಿ ಪ್ರಶ್ನೆಗಳಿರುತ್ತವೆ. ಪ್ರಶ್ನೆ ಇದ್ದವರಿಗೆ ಹೇಳಿದ ಪಾಠ ನಿಲ್ಲುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದನ್ನು ನಾನು ಕಣ್ಣಾರೆ ಕಂಡೆ. ಯಲಬುರ್ಗಾ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನಿದ್ದಾಗ ಪ್ರೊಜೆಕ್ಟರು, ದೊಡ್ಡ ಪರದೆ, ಧ್ವನಿಪೆಟ್ಟಿಗೆಗಳು ಬಂದವು. ಬಂದದ್ದು ಏಪ್ರಿಲಿನಲ್ಲಿ, ಫಲಿತಾಂಶದ ಗಡಿಬಿಡಿಯಲ್ಲಿ. ಜೋಡಿಸಲು ಬಂದ ಹುಡುಗ ಒಂದು ತಾಸು ಪಟಪಟನೆ ಮಾತಾಡಿ, 'ತರಬೇತಿ ನೀಡಲಾಗಿದೆ' ಎಂಬ ಕಾಗದಕ್ಕೆ ಮುಖ್ಯಗುರುಗಳ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿದ. ಆಮೇಲೆ ಬೇಸಿಗೆ ರಜೆ. ಜೂನಿನಲ್ಲಿ ಶಾಲೆ ತೆರೆದಾಗ, ಅಂದು ಮುಂದೆ ನಿಂತು ಕೇಳಿದ ಇಬ್ಬರು ಮಾಸ್ತರರಿಗೆ ವರ್ಗವಾಗಿತ್ತು. ಉಳಿದವರಿಗೆ ಯಾವ ತಂತಿ ಎಲ್ಲಿಗೆಂದು ನೆನಪಿಲ್ಲ. ಚಿತ್ರ ಬಂದರೆ ಧ್ವನಿ ಬಾರದು. ಮಕ್ಕಳು "ಅಕ್ಕೋರ, ಸಿನಿಮಾ ಯಾವಾಗ್ರೀ?" ಎಂದು ಕೇಳಿ ಕೇಳಿ ಸುಮ್ಮನಾದರು. ದೀಪಾವಳಿಯವರೆಗೆ ಆ ಸಾಮಾನಿನ ಮೇಲೆ ಟವಲು ಹೊದಿಸಿತ್ತು. ಸಾಮಾನು ಒಳ್ಳೆಯದೇ, ಕಲಿಸಿದ ದಿನ ಕೆಟ್ಟದ್ದು.

ಮುಂದೆ ಗಂಗಾವತಿಗೆ ಹೋದಾಗ ಅಲ್ಲಿಯ ನಾವು ನಾಲ್ಕು ಜನ ಶಿಕ್ಷಕಿಯರು ಬೇರೆ ದಾರಿ ಹಿಡಿದೆವು. ಕಲಿಕೆಯನ್ನು ಮೂರು ಸಲಕ್ಕೆ ಹಂಚಿದೆವು. ಮೊದಲನೆಯದು ಸಾಮಾನು ಬರುವ ಮುಂಚೆ: ಯಾವ ಕೋಣೆ, ಕಿಟಕಿಯ ಬೆಳಕು ಪರದೆಗೆ ಬೀಳುತ್ತದೆಯೇ, ಪ್ಲಗ್ಗು ಎಲ್ಲಿದೆ, ಕೊನೆಯ ಬೆಂಚಿನ ಮಗುವಿಗೆ ಕೇಳಿಸುತ್ತದೆಯೇ. ಇದನ್ನು ಮೊದಲೇ ಮಾತಾಡದಿದ್ದರೆ ಗೋಡೆಗೆ ಮೊಳೆ ಹೊಡೆದ ಮೇಲೆ ಯಾರೂ ಕೇಳುವುದಿಲ್ಲ. ಎರಡನೆಯದು ಜೋಡಿಸಿದ ಮೇಲೆ, ಮೊದಲ ಪಾಠಕ್ಕೆ ಎರಡು ಮೂರು ದಿನವಿರುವಾಗ. ಅಂದು ನೋಡುವುದಲ್ಲ, ಮಾಡುವುದು. ಹಚ್ಚುವುದರಿಂದ ಆರಿಸುವವರೆಗೆ ಪ್ರತಿಯೊಬ್ಬಳೂ ತನ್ನ ಕೈಯಿಂದಲೇ, ತಾನು ನಾಳೆ ಮಾಡಬೇಕಾದ ಪಾಠವನ್ನೇ ಇಟ್ಟುಕೊಂಡು. ಮೂರನೆಯದು ಮೂರು ವಾರ ಕಳೆದ ಮೇಲೆ. ಅಷ್ಟರಲ್ಲಿ ಬಂದ ತೊಡಕುಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು, ಆ ಹುಡುಗನನ್ನು ಮತ್ತೆ ಕರೆಸಿ, ಒಂದೊಂದಾಗಿ ಕೇಳಿದೆವು. ಮೊದಲ ದಿನ ಒಂದು ತಾಸಿನಲ್ಲಿ ಕಲಿಯದ್ದನ್ನು ಅಂದು ಅರ್ಧ ತಾಸಿನಲ್ಲಿ ಕಲಿತೆವು. ಎಲ್ಲಕ್ಕೂ ಮೊದಲು ಪಟ್ಟು ಹಿಡಿದದ್ದು ಒಂದಕ್ಕೆ: ಮೂರನೆಯ ಭೇಟಿಯಾಗದೆ ಆ ಕಾಗದಕ್ಕೆ ಸಹಿ ಇಲ್ಲ.

ಹೆಣ್ಣುಮಕ್ಕಳಿಗೆ ಕಲಿಸುವಾಗ ದಿನ ಗೊತ್ತುಮಾಡುವುದು ಇನ್ನೂ ಸೂಕ್ಷ್ಮದ ಮಾತು. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತದ ನಾಟಿ ಶುರುವಾದರೆ ಯಾವ ಸಂಘದ ಹೆಂಗಸೂ ತರಬೇತಿಗೆ ಬರಲಾರಳು. ಬಂದರೆ ಅಂದಿನ ಕೂಲಿ ಹೋಯಿತು. ಕುಷ್ಟಗಿ, ಯಲಬುರ್ಗಾದ ಎರಿಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿಯ ಹೊತ್ತು ಹಾಗೆಯೇ. ಕೊಪ್ಪಳದಲ್ಲಿ ಜನವರಿಯ ಗವಿಮಠದ ಜಾತ್ರೆಯ ವಾರ ಮನೆತುಂಬ ನೆಂಟರು, ರೊಟ್ಟಿ ಬಡಿಯುವುದೇ ಮುಗಿಯದು. ದಿನದಲ್ಲೂ ಅಷ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಕರೆದರೆ ಗಂಡಸರು ಬರುತ್ತಾರೆ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಕರೆದರೆ ಹೆಂಗಸರು ಬರುತ್ತಾರೆ. ಹೊತ್ತು ಗೊತ್ತುಮಾಡುವವರು, ಕಲಿಯುವವರು ಯಾರೆಂಬುದನ್ನೂ ಗೊತ್ತುಮಾಡಿಬಿಟ್ಟಿರುತ್ತಾರೆ.

ಸೈಟ್ ವರ್ಷ ತುಂಬಿದೊಡನೆ ನಿಂತಿತು. ಎರವಲು ತಂದ ಉಪಗ್ರಹ ಅಮೆರಿಕದ ಕಡೆಗೆ ಮರಳಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತಾದರೂ ಕೊಪ್ಪಳಕ್ಕೆ ಅದು ಇನ್ನೂರು ಕಿಲೋಮೀಟರಿಗೂ ದೂರ. ಪ್ರಯೋಗದ ಫಲವನ್ನು ಅಳೆದ ಸಮಾಜವಿಜ್ಞಾನಿಗಳು ಒಂದು ಸಂಗತಿಯನ್ನು ಗುರುತಿಸಿದರು: ಆರೋಗ್ಯ, ಕುಟುಂಬ ಯೋಜನೆಯಂಥ ವಿಷಯಗಳಲ್ಲಿ ಓದು ಬರಹವಿಲ್ಲದವರು, ಅದರಲ್ಲೂ ಹೆಂಗಸರು, ಗಣನೀಯವಾಗಿ ಹೊಸ ತಿಳಿವಳಿಕೆ ಪಡೆದಿದ್ದರು. ಕೀಲಿ ಕೈಯಲ್ಲಿಲ್ಲದೆಯೇ ಇಷ್ಟು ಕಲಿತವರು, ಕೀಲಿಯೂ ಇದ್ದಿದ್ದರೆ ಎಷ್ಟು ಕಲಿಯುತ್ತಿದ್ದರೋ!

ಇಂದು ಶಾಲೆಗೂ ಪಂಚಾಯಿತಿಗೂ ಗ್ರಂಥಾಲಯಕ್ಕೂ ಪರದೆಗಳು ಬರುತ್ತಿವೆ. ನಿಮ್ಮ ಊರಿನ ಶಾಲೆಯ ಪಾಲಕರ ಸಭೆಯಲ್ಲೋ ಮಹಿಳಾ ಸಂಘದಲ್ಲೋ ನೀವು ಕೂತಿರುವಾಗ ಅಂಥದೊಂದು ಬಂದರೆ, ಬೆಲೆ ಎಷ್ಟು, ಪರದೆ ಎಷ್ಟು ಅಗಲ ಎಂದು ಬೇರೆಯವರು ಕೇಳುತ್ತಾರೆ. ನೀವು ಕೇಳಬೇಕಾದದ್ದು ಬೇರೆ. ಕಲಿಸುವುದು ಯಾರಿಗೆ? ಯಾವತ್ತು? ಮತ್ತೆ ಬಂದು ಕಲಿಸುವುದು ಯಾವತ್ತು? ಆ ದಿನವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಕಲಿಯುವವರ ಪಟ್ಟಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ.