ಗಜನಿಯ ಒಡ್ಡು, ಕಾಂಡ್ಲದ ಬೇರು

ಗಜನಿ ಎಂದೊಡನೆ ಚರಿತ್ರೆ ಓದಿದವರಿಗೆ ಸುಲ್ತಾನ ಮಹಮೂದನ ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಗಜನಿ ಕುಮಟೆಯ ಕಡೆಯದು. ಅಘನಾಶಿನಿ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಗದ್ದೆಗೆ ಅಲ್ಲಿಯ ಜನರ ಬಾಯಲ್ಲಿ ಇದೇ ಹೆಸರು.

ಉಬ್ಬರದ ಕೆಸರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲಗಿಡಗಳ ನೆಲೆಯನ್ನು ಕಸಿದೇ ನಮ್ಮ ಹಿರಿಯರು ಈ ಗದ್ದೆಗಳನ್ನು ಮಾಡಿದರು. ಹಿಂದಿನವರು ಗಿಡಮರಗಳನ್ನು ಮುಟ್ಟದೆ ಬಾಳಿದರೆಂದು ಹೊಗಳುವುದು ಈಚೆಗೆ ವಾಡಿಕೆಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಆದರೆ ಅವರು ಪೂರ್ತಿ ಕಸಿಯಲಿಲ್ಲ. ಅವರ ಒಡ್ಡು ಮಣ್ಣಿನದು. ತೆರೆಯ ಪೆಟ್ಟಿಗೆ ಅದು ಕರಗದಿರಬೇಕಾದರೆ ಹೊರಮೈಗೆ ಕಾಂಡ್ಲದ ಬೇರು ಬೇಕು. ಗಿಡ ಕಡಿದವನ ಗದ್ದೆಗೆ ಕಡಲು ನುಗ್ಗುವುದು. ಯಾವ ಕಾನೂನೂ ಇಲ್ಲದೆ ಗಿಡ ಉಳಿದುದು ಹೀಗೆ.

ಒಳಗೆ ಬೆಳೆಯುತ್ತಿದ್ದುದು ಕಗ್ಗ, ಉಪ್ಪನ್ನೂ ನೆರೆಯನ್ನೂ ತಾಳುವ ಎತ್ತರದ ಭತ್ತ. ಮಳೆ ಬಂದು ಉಪ್ಪು ತೊಳೆದ ಮೇಲೆ ಮೊಳಕೆ ಬಿತ್ತಿದರಾಯಿತು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಿದ್ದರು. ಬಳಿಕ ಹಲಗೆಯ ಬಾಗಿಲು ತೆರೆದು ಉಬ್ಬರವನ್ನು ಒಳಗೆ ಬಿಟ್ಟುಕೊಂಡರೆ, ಆ ಹುಲ್ಲು ಕೊಳೆತಲ್ಲಿ ಮೀನು ಸೀಗಡಿಗಳಿಗೆ ಮೇವು. ಆ ಕೆಂಪಕ್ಕಿಯ ಗಂಜಿಯನ್ನು ನಾನು ಬಾಲ್ಯದಲ್ಲಿ ಉಂಡಿದ್ದೇನೆ. ಹಸಿವು ಮಧ್ಯಾಹ್ನದವರೆಗೆ ಹತ್ತಿರ ಸುಳಿಯುತ್ತಿರಲಿಲ್ಲ.

1970ರ ದಶಕದಲ್ಲಿ ಸರಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ವರ್ಷ ವರ್ಷವೂ ಮಣ್ಣು ಹೊರುವ ಕಷ್ಟ ತಪ್ಪಿತು. ಆದರೆ ಕಲ್ಲಿಗೆ ಬೇರಿನ ಹಂಗಿಲ್ಲವಷ್ಟೆ. ಅಂದಿನಿಂದ ಕಾಂಡ್ಲ ಬರಿಯ ಸೌದೆಯಾಯಿತು. ಅದರ ಬೆನ್ನಿಗೇ ಸೀಗಡಿ ಸಾಕಣೆಯ ಹಣ ಬಂದು ಗಜನಿಗಳು ಕೊಳಗಳಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಡದ ಸೀಗಡಿ ಕೊಳಗಳನ್ನು ಮುಚ್ಚಿಸಲು ಆಜ್ಞೆ ಮಾಡಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. 2005ರ ಕಾಯಿದೆ ಮತ್ತೆ ಬಾಗಿಲು ತೆರೆಯಿತು.

ಅರಣ್ಯ ಇಲಾಖೆ ಈಗ ಕಾಂಡ್ಲ ನೆಡಿಸುತ್ತಿದೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಆಮೇಲೆ ಒಮ್ಮೆ ಆ ಕಡೆ ಹೋದಾಗ ಒಡ್ಡಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ಕಗ್ಗದ ಬೀಜ ಊರಲ್ಲಿ ಎಷ್ಟು ಮನೆಯಲ್ಲಿದೆ ಎಂದು ಕೇಳಿದೆ. ಬೆರಳು ಮಡಿಸುತ್ತ ಎಣಿಸತೊಡಗಿದವರು ಒಂದು ಕೈ ಮುಗಿಯುವ ಮೊದಲೇ ನಿಲ್ಲಿಸಿದರು.

“ಗಿಡ ಬಂತು ತಮಾ,” ಎಂದರು. “ಬೀಜದ್ದು ನೋಡ್ಬೇಕು.”