ಮಿಂಕ್ ಕಲಿಸಿದ ಪಾಠ

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಆಹಾರ ಸರಪಳಿ ಬರೆದಿದ್ದರು: ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಆಮೇಲೆ ಕಪ್ಪೆಯನ್ನು ಅಳಿಸಿ, “ಈಗ ಏನಾಗುತ್ತೆ, ಹೇಳ್ರೋ?” ಎಂದು ಕೇಳಿದ್ದರು. ಸರಪಳಿಗೆ ಹೊರಗಿನ ಕೊಂಡಿಯೊಂದನ್ನು ಸೇರಿಸಿದರೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ. ಅಲ್ಲಿ ಮಿಂಕ್ ಎಂಬ ಪ್ರಾಣಿಯ ಚರಿತ್ರೆ ಓದಿದೆ.

ಮಿಂಕ್ ನೋಡಲು ನಮ್ಮ ಮುಂಗುಸಿಯಂತೆ. ಕುಟುಂಬ ಮಾತ್ರ ನೀರುನಾಯಿಯದು. ತವರು ಉತ್ತರ ಅಮೆರಿಕದ ಹೊಳೆ, ಕೆರೆಗಳ ದಡ. ಮೀನು, ಕಪ್ಪೆ, ಹಕ್ಕಿ, ನೀರಿನಲ್ಲಿ ಬದುಕುವ ದಂಶಕಗಳು ಅದರ ಆಹಾರ. ಅದನ್ನೂ ಹಿಡಿದು ತಿನ್ನುವ ದೊಡ್ಡ ಗೂಬೆಗಳು ಅಲ್ಲಿವೆ. ತಿನ್ನುವವರೂ ತಪ್ಪಿಸಿಕೊಳ್ಳುವವರೂ ಜೊತೆಯಲ್ಲೇ ಬೆಳೆದುಬಂದ ಜಾಗ ಅದು.

ಮಿಂಕ್‌ನ ನುಣುಪಾದ ತುಪ್ಪಳಕ್ಕೆ ಭಾರೀ ಬೆಲೆ. ಅದಕ್ಕಾಗಿ 1929ರಲ್ಲಿ ಅದನ್ನು ಬ್ರಿಟನ್ನಿಗೆ ತಂದು ಪಂಜರಗಳಲ್ಲಿ ಸಾಕತೊಡಗಿದರು. ಕೆಲವು ತಪ್ಪಿಸಿಕೊಂಡವು. 1956ರಲ್ಲಿ ಡೆವನ್ ಪ್ರಾಂತ್ಯದ ಟೀನ್ ನದಿಯ ದಡದಲ್ಲಿ ಅವು ಮರಿ ಹಾಕಿರುವುದು ಖಚಿತವಾಯಿತು.

ಪೆಟ್ಟು ಬಿದ್ದದ್ದು ವಾಟರ್ ವೋಲ್ ಎಂಬ ನೀರಿಲಿಗೆ. ಶತ್ರು ಬಂದರೆ ಅದು ನೀರಿಗೆ ಧುಮುಕುತ್ತದೆ, ಇಲ್ಲವೇ ಬಿಲ ಸೇರುತ್ತದೆ. ಮಿಂಕ್ ಈಜಬಲ್ಲದು, ಹೆಣ್ಣು ಮಿಂಕ್ ಆ ಬಿಲದೊಳಕ್ಕೂ ನುಗ್ಗಬಲ್ಲದು. ತಲತಲಾಂತರದಿಂದ ಕಾಪಾಡಿದ ಎರಡು ಉಪಾಯಗಳೂ ಕೈಕೊಟ್ಟವು. ದಡದ ಹುಲ್ಲುಗಾವಲುಗಳ ನಾಶವೂ ಸೇರಿ, ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ನೀರಿಲಿಗಳು ಇಲ್ಲವಾದವು.

ಅದೇ ಕಾಲದಲ್ಲಿ ಹೊಲಗಳ ಕೀಟನಾಶಕ ನದಿ ಸೇರಿ ಅಲ್ಲಿಯ ನೀರುನಾಯಿಗಳು ಸತ್ತಿದ್ದವು. ಎದುರಾಳಿ ಇಲ್ಲದ ನದಿ ಮಿಂಕ್‌ಗೆ ಸಿಕ್ಕಿತು. ಮುಂದೆ ಆ ವಿಷಗಳ ಮೇಲೆ ನಿರ್ಬಂಧ ಬಂತು, ನೀರು ತಿಳಿಯಾಯಿತು, ನೀರುನಾಯಿ ಮರಳಿತು. ಅದು ಮರಳಿದ ಹಲವು ಕಡೆ ಮಿಂಕ್ ತಾನಾಗಿ ಕಡಿಮೆಯಾಯಿತು. 2000ದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ತುಪ್ಪಳದ ಸಾಕಣೆಯನ್ನೇ ನಿಷೇಧಿಸುವ ಕಾನೂನು ಮಾಡಿದವು. ಆದರೆ ಹೊರಬಿದ್ದ ಮಿಂಕ್‌ಗಳನ್ನು ಬೋನಿಟ್ಟು ಹಿಡಿಯುವ ಕೆಲಸ ಮುಗಿದಿಲ್ಲ.

ಇಲ್ಲಿ ಮಿಂಕ್‌ನ ತಪ್ಪೇನು? ಅದು ತವರಿನಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿತು. ಜಾಗ ತಪ್ಪಿಸಿದವರು ಮನುಷ್ಯರು.

ಇದು ದೂರದ ಕಥೆಯಲ್ಲ. ನಮ್ಮ ಹೊಲದ ಬದುಗಳಲ್ಲಿರುವ ಕಾಂಗ್ರೆಸ್ ಗಿಡವೂ, ಕಾಡಂಚಿನ ಲಂಟಾನವೂ ಅಮೆರಿಕ ಖಂಡದಿಂದ ಬಂದವೇ. ನಮ್ಮಲ್ಲೂ ನೀರುನಾಯಿಗಳಿವೆ, 2015ರಲ್ಲಿ ತುಂಗಭದ್ರೆಯ ಒಂದು ಭಾಗವನ್ನು ಸರ್ಕಾರ ಅವುಗಳ ಸಂರಕ್ಷಣೆಗೆಂದೇ ಮೀಸಲಿಟ್ಟಿದೆ. ಹೊಳೆಗೆ ವಿಷ ಬಿಡದಿದ್ದರೆ ಅರ್ಧ ಕೆಲಸವನ್ನು ಅವೇ ಮಾಡಿಕೊಳ್ಳುತ್ತವೆ.

ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಹಳೆಯದಕ್ಕೆ ಹಿಂತಿರುಗಬಹುದು. ಹೊಳೆಗೆ ಆ ಸೌಲಭ್ಯವಿಲ್ಲ. ಅಳಿಸುವ ಮುನ್ನವೂ ಸೇರಿಸುವ ಮುನ್ನವೂ “ಏನಾಗುತ್ತೆ?” ಎಂದು ಕೇಳಬೇಕು. ಆ ಪ್ರಶ್ನೆ ಕಲಿಸಿದ ಮೇಷ್ಟ್ರಿಗೆ, ಐವತ್ತು ತುಂಬಿದ ನನ್ನ ಶಾಲೆಗೆ ನಮಸ್ಕಾರ.